ಎದ್ದು ಕೂತ, ಮಾತಾಡಿದ: ಅಷ್ಟು ಸಾಕೇ?

ಬೈಕ್ ಸ್ಕಿಡ್ ಆಗಿ ಬಿದ್ದವನನ್ನು ಎತ್ತಿ ರಸ್ತೆ ಬದಿಗೆ ಕೂರಿಸಿದ ಮೇಲೆ ಸುತ್ತ ನೆರೆದವರು ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೆಸರು ಕೇಳುತ್ತಾರೆ, ಹೇಳುತ್ತಾನೆ. ಎರಡು ಬೆರಳು ಎತ್ತಿ ಎಷ್ಟು ಎನ್ನುತ್ತಾರೆ, ಅದನ್ನೂ ಸರಿಯಾಗಿ ಹೇಳುತ್ತಾನೆ. ನೀರು ಕುಡಿಸಿ, "ಪ್ರಜ್ಞೆ ತಪ್ಪಿಲ್ಲ, ವಾಂತಿ ಆಗಿಲ್ಲ, ಏನೂ ಆಗಿಲ್ಲ ಬಿಡಿ" ಎಂದು ಮನೆಗೆ ಕಳಿಸುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಗೂ, ಮಂಚದಿಂದ ಉರುಳಿದ ಮಗುವಿಗೂ, ಕಬಡ್ಡಿಯಲ್ಲಿ ತಲೆಗೆ ತಲೆ ಬಡಿಸಿಕೊಂಡ ಹುಡುಗನಿಗೂ ಸಿಗುವ ತೀರ್ಪು ಇದೇ. ಹೀಗೆ ಹೇಳುವವರಿಗೆ ಕಾಳಜಿ ಇಲ್ಲವೆಂದಲ್ಲ. ನೀರು ಕೊಟ್ಟು ಧೈರ್ಯ ಹೇಳುವುದು ಕಾಳಜಿಯಿಂದಲೇ. ಆದರೆ ಆ ತೀರ್ಪನ್ನು ಹಿಡಿದು ನಿಲ್ಲಿಸಿರುವ ತರ್ಕ ತಪ್ಪು. ಆ ತಪ್ಪಿಗೆ ಬೆಲೆ ತೆರುವವರು ಇದ್ದೇ ಇರುವುದರಿಂದ ಅದನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲು ಈ ನಂಬಿಕೆಯನ್ನು ಅದರ ಪೂರ್ಣ ಬಲದೊಂದಿಗೆ ಮುಂದಿಡೋಣ. ಅದರಲ್ಲಿ ಮೂರು ಎಳೆಗಳಿವೆ.

1. ಪ್ರಜ್ಞೆ ಮೆದುಳಿನ ಕೆಲಸ. ಮೆದುಳಿಗೆ ಪೆಟ್ಟಾದರೆ ಪ್ರಜ್ಞೆ ಹೋಗಬೇಕು. ಹೋಗಿಲ್ಲವೆಂದರೆ ಪೆಟ್ಟು ಮೆದುಳಿನವರೆಗೆ ತಲುಪಿಲ್ಲ.

2. ರಕ್ತ ಹೊರಗೆ ಹರಿದರೆ, ಬುಗುಟು ಎದ್ದರೆ ಒಳ್ಳೆಯದೇ. ಏಟಿನ ಬಿರುಸೆಲ್ಲ ಹೊರಗೇ ಮುಗಿದಿದೆ, ಒಳಗೆ ಹೆಪ್ಪುಗಟ್ಟುವ ಭಯವಿಲ್ಲ.

3. ಅಷ್ಟಾಗಿಯೂ ಅನುಮಾನವಿದ್ದರೆ ಸ್ಕ್ಯಾನ್ ಇದೆ. ಅದು ನಾರ್ಮಲ್ ಎಂದು ಬಂದರೆ ಮಾತು ಮುಗಿಯಿತು.

ಈ ಮೂರರಲ್ಲೂ ಸತ್ಯದ ಅಂಶವಿದೆ. ದೀರ್ಘಕಾಲ ಪ್ರಜ್ಞೆ ತಪ್ಪುವುದು ನಿಜಕ್ಕೂ ಗಂಭೀರ ಲಕ್ಷಣ. ತಕ್ಷಣ ಶಸ್ತ್ರಚಿಕಿತ್ಸೆ ಬೇಕಾದ ರಕ್ತಸ್ರಾವವನ್ನು ಹಿಡಿಯುವುದರಲ್ಲಿ ಸಿ.ಟಿ. ಸ್ಕ್ಯಾನಿಗೆ ಸಾಟಿಯಿಲ್ಲ. ತಲೆಗೆ ಪೆಟ್ಟು ತಿಂದವರಲ್ಲಿ ಬಹುಪಾಲು ಜನ ಯಾವ ತೊಂದರೆಯೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ ಎಂಬುದೂ ನಿಜ. ಇದಕ್ಕೆ ಸುದ್ದಿಯಲ್ಲಿ ಕಾಣುವ ಚಿತ್ರವೂ ಬಲ ಕೊಡುತ್ತದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ, ಮೆದುಳಿಗಾದ ತೀವ್ರ ಪೆಟ್ಟಿನಿಂದ ತೀರಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. ಮೆದುಳಿನ ಪೆಟ್ಟು ಎಂದರೆ ಹೀಗೆ ಆಸ್ಪತ್ರೆಯ ಐ.ಸಿ.ಯು., ವೆಂಟಿಲೇಟರ್, ಕೋಮಾ ಎಂದೇ ನಮ್ಮ ಮನಸ್ಸಿನಲ್ಲಿ ಅಚ್ಚಾಗಿದೆ. ಎದುರಿಗೆ ಕೂತು ಮಾತಾಡುತ್ತಿರುವವನು ಆ ಚಿತ್ರಕ್ಕೆ ಹೊಂದುವುದಿಲ್ಲ. ಹೊಂದದ್ದರಿಂದ ಅವನಿಗೆ ಪೆಟ್ಟೇ ಆಗಿಲ್ಲವೆಂದು ಬಗೆಯುತ್ತೇವೆ.

ಮೂರೂ ಎಳೆಗಳ ಬುಡದಲ್ಲಿರುವ ಗ್ರಹಿಕೆ ಒಂದೇ: ಪೆಟ್ಟು ಬಿದ್ದ ಕ್ಷಣದಲ್ಲೇ ಆಗಬೇಕಾದದ್ದೆಲ್ಲ ಆಗಿ ಮುಗಿದಿರುತ್ತದೆ, ಆದ್ದರಿಂದ ಆ ಹೊತ್ತಿಗೆ ಕಾಣದ ಹಾನಿ ಇಲ್ಲವೇ ಇಲ್ಲ. ಗೊಂದಲ ಇರುವುದು ಇಲ್ಲಿ. ಮೆದುಳಿನ ಪೆಟ್ಟಿನಲ್ಲಿ ಎರಡು ಹಂತಗಳಿರುತ್ತವೆ. ಡಿಕ್ಕಿಯ ಕ್ಷಣದಲ್ಲಿ ಆಗುವ ಹಾನಿ ಮೊದಲನೆಯದು. ಆಮೇಲೆ ನಿಮಿಷ, ಗಂಟೆ, ದಿನಗಳ ಉದ್ದಕ್ಕೂ ರಕ್ತ ಒಸರಿ, ಊತ ಬಂದು, ಒತ್ತಡ ಏರಿ, ಮೆದುಳಿಗೆ ಆಮ್ಲಜನಕ ಕಡಿಮೆಯಾಗಿ ಆಗುವ ಹಾನಿ ಎರಡನೆಯದು. ಮೊದಲನೆಯದನ್ನು ಯಾವ ವೈದ್ಯರೂ ಹಿಂದಿರುಗಿಸಲಾರರು. ವೈದ್ಯರ ಕೈಯಲ್ಲಿ ಏನಾದರೂ ಇದ್ದರೆ ಅದು ಎರಡನೆಯದನ್ನು ತಡೆಯುವುದು. ಹಾಗಿರುವಾಗ ಮೊದಲ ಹತ್ತು ನಿಮಿಷ ನೋಡಿ ಕೊಡುವ ತೀರ್ಪು, ತಡೆಯಬಹುದಾದ ಹಾನಿ ಶುರುವಾಗುವ ಮುಂಚೆಯೇ ಕೊಟ್ಟ ತೀರ್ಪಾಗುತ್ತದೆ.

1998ರ ಫೆಬ್ರವರಿಯಲ್ಲಿ ಭಾರತದ ಆಟಗಾರ ರಮಣ್ ಲಾಂಬಾ ಢಾಕಾದಲ್ಲಿ ಕ್ಲಬ್ ಪಂದ್ಯ ಆಡುತ್ತಿದ್ದರು. ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟಿನಿಂದ ಸಿಡಿದ ಚೆಂಡು ನೇರವಾಗಿ ತಲೆಗೆ ಬಡಿಯಿತು. ಅವರು ಎದ್ದು ಮೈದಾನದಿಂದ ನಡೆದೇ ಹೊರಗೆ ಹೋದರು. ಡ್ರೆಸಿಂಗ್ ರೂಮಿನಲ್ಲಿ ಸ್ಥಿತಿ ಹದಗೆಟ್ಟು ಪ್ರಜ್ಞೆ ಹೋಯಿತು. ಶಸ್ತ್ರಚಿಕಿತ್ಸೆ ಆದರೂ ಮೂರು ದಿನಗಳಲ್ಲಿ ತೀರಿಕೊಂಡರು. 38 ವರ್ಷ. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಕ್ವಿಬೆಕ್‌ನಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಕಲಿಯುತ್ತಿದ್ದಾಗ ಬಿದ್ದರು. ತನಗೇನೂ ಆಗಿಲ್ಲವೆಂದು ಮೊದಲಿಗೆ ವೈದ್ಯಕೀಯ ನೆರವನ್ನು ಬೇಡವೆಂದರು. ಕೆಲವೇ ಗಂಟೆಗಳಲ್ಲಿ ತಲೆನೋವು ಶುರುವಾಯಿತು, ಎರಡು ದಿನಗಳಲ್ಲಿ ಸಾವು ಬಂತು. ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಶೇಖರವಾಗಿದ್ದು ಶವಪರೀಕ್ಷೆಯಲ್ಲಿ ಕಂಡಿತು. ಇಬ್ಬರೂ ಪೆಟ್ಟು ಬಿದ್ದ ಮೇಲೆ ಎದ್ದರು, ನಡೆದರು, ಮಾತಾಡಿದರು. ನಮ್ಮ ರಸ್ತೆಬದಿಯ ಪರೀಕ್ಷೆಯಲ್ಲಿ ಇಬ್ಬರೂ ಪಾಸಾಗುತ್ತಿದ್ದರು.

ಇದು ಹೇಗೆ ಸಾಧ್ಯ? ದೊಡ್ಡವರ ತಲೆಬುರುಡೆ ಹಿಗ್ಗದ ಮೂಳೆಯ ಪೆಟ್ಟಿಗೆ. ಅದರೊಳಗೆ ಮೆದುಳು, ರಕ್ತ, ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ನೀರಿನಂಥ ದ್ರವ, ಈ ಮೂರಕ್ಕೆ ಮಾತ್ರ ಜಾಗ. ಆ ದ್ರವ ಒಟ್ಟು 150 ಮಿಲಿಲೀಟರಿನ ಆಸುಪಾಸು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂಬುದನ್ನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲೂ, ಜಾರ್ಜ್ ಕೆಲ್ಲಿ 1824ರಲ್ಲೂ ಹೇಳಿದ್ದರು. ಕಣತಲೆಯ ಹತ್ತಿರ ಮೂಳೆ ತೆಳ್ಳಗಿರುತ್ತದೆ, ಅದರ ಒಳಮೈಗೆ ಅಂಟಿಕೊಂಡಂತೆ ಒಂದು ಅಪಧಮನಿ ಹಾದುಹೋಗುತ್ತದೆ. ಮೂಳೆ ಬಿರುಕುಬಿಟ್ಟು ಆ ಅಪಧಮನಿ ಹರಿದರೆ ರಕ್ತ ಶೇಖರವಾಗತೊಡಗುತ್ತದೆ. ಮೊದಮೊದಲು ದ್ರವ ಬೆನ್ನಿನ ಕಡೆಗೆ ಸರಿದು ಜಾಗ ಬಿಟ್ಟುಕೊಡುತ್ತದೆ, ಸಿರೆಗಳಲ್ಲಿರುವ ರಕ್ತವೂ ಹೊರಗೆ ಹೋಗುತ್ತದೆ, ಒತ್ತಡ ಹೆಚ್ಚೇನೂ ಏರುವುದಿಲ್ಲ. ವ್ಯಕ್ತಿ ಮಾತಾಡುತ್ತಾನೆ, ಚಹಾ ಕುಡಿಯುತ್ತಾನೆ, ಫೋನ್ ಮಾಡಿ ತಡವಾಗುತ್ತದೆ ಎನ್ನುತ್ತಾನೆ. ಬಿಟ್ಟುಕೊಡಲು ಜಾಗ ಮುಗಿದ ಮೇಲೆ ಮಾತ್ರ ಒತ್ತಡ ಕಡಿದಾಗಿ ಏರುತ್ತದೆ. ಆಮೇಲೆ ಸೇರುವ ಸ್ವಲ್ಪವೇ ರಕ್ತ ಮೆದುಳನ್ನು ಬುಡದ ರಂಧ್ರದ ಕಡೆಗೆ ಒತ್ತುತ್ತದೆ, ಉಸಿರಾಟದ ಕೇಂದ್ರ ಇರುವುದು ಅಲ್ಲೇ. ರಕ್ತಸ್ರಾವ ನಡೆಯುತ್ತಿರುವಾಗಲೇ ಮನುಷ್ಯ ಚೆನ್ನಾಗಿ ಕಾಣುತ್ತಾನೆ. ಈ ಬಗೆಯ ರಕ್ತಸ್ರಾವವಾದ ಎಲ್ಲರಲ್ಲೂ ಇಂಥ ಚೆನ್ನಾಗಿ ಕಾಣುವ ಅವಧಿ ಇರುವುದಿಲ್ಲ. ಆದರೆ ಇರುವವರಲ್ಲಿ ಅದು ಕ್ಷೇಮದ ಗುರುತಲ್ಲ, ದೇಹದಲ್ಲಿ ಉಳಿದಿರುವ ಅವಕಾಶ ಅಷ್ಟೇ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಕಾಲು ಮುರಿದರೆ ನೋವನ್ನು ಗ್ರಹಿಸಿ ವರದಿ ಕೊಡಲು ಮೆದುಳು ಇದೆ. ಮೆದುಳಿಗೇ ಪೆಟ್ಟಾದರೆ ವರದಿ ಕೊಡಬೇಕಾದದ್ದೂ ಅದೇ ಮೆದುಳು. "ಹೇಗಿದ್ದೀಯ?" ಎಂದು ಕೇಳಿದಾಗ ಬರುವ "ಚೆನ್ನಾಗಿದೀನಿ" ಎಂಬ ಉತ್ತರಕ್ಕೆ ಬೆಲೆ ಎಷ್ಟು ಎಂದು ಯೋಚಿಸಬೇಕಾದದ್ದು ಇಲ್ಲಿ. ಹೆಸರು, ಊರು, ಅಪ್ಪನ ಹೆಸರು ಬಹುಕಾಲದಿಂದ ಬೇರೂರಿದ ನೆನಪುಗಳು, ಗೊಂದಲದಲ್ಲಿರುವವನೂ ಅವನ್ನು ಥಟ್ಟನೆ ಹೇಳಬಲ್ಲ. ಆಸ್ಟ್ರೇಲಿಯಾದ ಡೇವಿಡ್ ಮ್ಯಾಡಕ್ಸ್ ಮತ್ತು ಸಂಗಡಿಗರು ಅಲ್ಲಿನ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿ 1995ರಲ್ಲಿ ತೋರಿಸಿದ್ದು ಇದನ್ನೇ: ಹೆಸರು, ವಯಸ್ಸಿನಂಥ ಪ್ರಶ್ನೆಗಳಿಗಿಂತ ಇಂದಿನ ಪಂದ್ಯ ಎಲ್ಲಿ ನಡೆಯುತ್ತಿದೆ, ಕೊನೆಯ ಗೋಲು ಯಾರು ಹೊಡೆದರು ಎಂಬಂಥ ಪ್ರಶ್ನೆಗಳೇ ಪೆಟ್ಟನ್ನು ಚೆನ್ನಾಗಿ ಹಿಡಿಯುತ್ತವೆ. ನಾವೂ ಹೆಸರು ಕೇಳುವ ಬದಲು, ಎಲ್ಲಿಂದ ಹೊರಟಿದ್ದೆ, ದಾರಿಯಲ್ಲಿ ಎಲ್ಲಿ ನಿಲ್ಲಿಸಿದ್ದೆ, ಬೆಳಿಗ್ಗೆ ಏನು ತಿಂದೆ ಎಂದು ಕೇಳಬೇಕು. "ಗಾಡಿ ಎಲ್ಲಿ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು ತಲೆಯಾಡಿಸಿ, ಎರಡು ನಿಮಿಷ ಬಿಟ್ಟು ಮತ್ತೆ "ಗಾಡಿ ಎಲ್ಲಿ?" ಎನ್ನುವವನು ಸ್ಪಷ್ಟವಾಗಿ ಮಾತಾಡುತ್ತಿದ್ದಾನೆ ನಿಜ, ಆದರೆ ಅವನ ಮೆದುಳು ಹೊಸದನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ. ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನ್ನೆಟ್ 1974ರಲ್ಲಿ ರೂಪಿಸಿದ, ಇವತ್ತಿಗೂ ಜಗತ್ತಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಪ್ರಜ್ಞೆಯ ಅಳತೆಯಲ್ಲಿ ಮಾತಿಗೆ 5 ಅಂಕ. ಮಾತಾಡಿದ ಮಾತ್ರಕ್ಕೆ ಅಷ್ಟೂ ಸಿಗುವುದಿಲ್ಲ, ಮಾತಿನಲ್ಲಿ ಗೊಂದಲವಿದ್ದರೆ 4. ಆ ಅಳತೆ ಮಾಡಿದ್ದೂ ಒಮ್ಮೆ ಅಂಕ ಹಾಕಿ ಮುಗಿಸಲಿಕ್ಕಲ್ಲ. ಒಬ್ಬರ ನಂತರ ಇನ್ನೊಬ್ಬರು ಅದೇ ರೋಗಿಯನ್ನು ಮತ್ತೆ ಮತ್ತೆ ಅಳೆದು, ಅಂಕ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ತಿಳಿಯಲಿಕ್ಕೆ.

ಮೊದಲ ಪರೀಕ್ಷೆಯನ್ನು ತಜ್ಞರೇ ಮಾಡಿದರೂ ಅದು ಸಾಲದು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ತಂಡದ ವೈದ್ಯರು ಪರೀಕ್ಷಿಸಿದರು, ಸ್ಮಿತ್ ಪಾಸಾದರು, ಮತ್ತೆ ಬ್ಯಾಟ್ ಹಿಡಿದು 92ಕ್ಕೆ ಔಟಾದರು. ಲಕ್ಷಣಗಳು ಕಾಣಿಸಿಕೊಂಡದ್ದು ಮರುದಿನ ಬೆಳಿಗ್ಗೆ: ತಲೆನೋವು, ಮಂಕು. ಮರುಪರೀಕ್ಷೆಯಲ್ಲಿ ಅದು ಬಯಲಾಗಿ, ಅವರ ಬದಲು ಲಾಬುಶೇನ್ ಇಳಿದರು. ಟೆಸ್ಟ್ ಇತಿಹಾಸದಲ್ಲಿ ಇಂಥ ಬದಲಿ ಆಟಗಾರ ಇಳಿದದ್ದು ಅದೇ ಮೊದಲು. ಅಲ್ಲಿ ಮರುದಿನ ಮತ್ತೆ ಪರೀಕ್ಷೆ ನಡೆಯಿತು. ನಮ್ಮ ಊರಿನ ಕಬಡ್ಡಿ ಪಂದ್ಯದಲ್ಲಿ ಮುಖಕ್ಕೆ ನೀರು ಚಿಮುಕಿಸಿ ಮುಂದಿನ ರೈಡಿಗೆ ಕಳಿಸುತ್ತಾರೆ. ಮೊದಲ ಪೆಟ್ಟು ಮಾಗುವ ಮುಂಚೆ ಬೀಳುವ ಎರಡನೆಯದು ಎಷ್ಟು ಅಪಾಯಕಾರಿ ಎಂಬುದನ್ನು ಶಾಲೆಗಳ ದೈಹಿಕ ಶಿಕ್ಷಕರಿಗಾದರೂ ಕಲಿಸಬೇಕಿತ್ತು.

ಎರಡನೆಯ ಎಳೆಗೆ ಹೆಚ್ಚು ಮಾತು ಬೇಡ. ನೆತ್ತಿಯ ಚರ್ಮದ ರಕ್ತನಾಳಗಳು ಬೇರೆ, ತಲೆಬುರುಡೆಯ ಒಳಗಿನವು ಬೇರೆ. ಹೊರಗೆ ರಕ್ತ ಹರಿದರೆ ಒಳಗಿನದು ಖಾಲಿಯಾಗುವುದಿಲ್ಲ. ಚರ್ಮಕ್ಕೆ ರಕ್ತ ಪೂರೈಕೆ ಧಾರಾಳವಾಗಿರುವುದರಿಂದ ಸಣ್ಣ ಗಾಯವೂ ಅಂಗಿ ತೋಯುವಷ್ಟು ಸುರಿಯುತ್ತದೆ, ಒಳಗೆ ಮಾರಕವಾದದ್ದು ನಡೆಯುತ್ತಿದ್ದಾಗ ಹೊರಗೆ ಗೀರೂ ಇಲ್ಲದಿರಬಹುದು. ಚಿಕ್ಕ ಮಕ್ಕಳಲ್ಲಿ ಹಣೆಯಲ್ಲದೆ ತಲೆಯ ಪಕ್ಕದಲ್ಲೋ ಹಿಂದೆಯೋ ಎದ್ದ ದೊಡ್ಡ ಊತ ಮೂಳೆ ಬಿರುಕಿನ ಸೂಚನೆಯೂ ಆಗಬಹುದು. ಹೆಲ್ಮೆಟ್ ಹಾಕಿದ್ದ, ಆದ್ದರಿಂದ ತಲೆಗೇನೂ ಆಗಿರಲಾರದು ಎಂಬ ವಾದವೂ ಇದೇ ಜಾತಿಯದು. ಹೆಲ್ಮೆಟ್ ಬೈಕ್ ಸವಾರರ ತಲೆಪೆಟ್ಟಿನ ಸಂಭವವನ್ನು ಶೇ. 69ರಷ್ಟು, ಸಾವಿನ ಸಂಭವವನ್ನು ಶೇ. 42ರಷ್ಟು ಇಳಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಹೆಲ್ಮೆಟ್ ಹಾಕಲು ಅಷ್ಟೇ ಕಾರಣ ಸಾಕು. ಆದರೆ ಇಳಿಸುವುದು ಬೇರೆ, ಇಲ್ಲವಾಗಿಸುವುದು ಬೇರೆ.

ಸ್ಕ್ಯಾನಿನ ವಿಷಯ ಸ್ವಲ್ಪ ನಾಜೂಕು. ಸಿ.ಟಿ. ಸ್ಕ್ಯಾನ್ ತೋರಿಸುವುದು ಆ ಹೊತ್ತಿನ ರಚನೆಯನ್ನು: ಮೂಳೆ ಮುರಿದಿದೆಯೇ, ರಕ್ತ ನಿಂತಿದೆಯೇ, ಮೆದುಳು ಪಕ್ಕಕ್ಕೆ ಸರಿದಿದೆಯೇ. ತಲೆ ಗಿರಕಿ ಹೊಡೆದ ರಭಸಕ್ಕೆ ನರತಂತುಗಳು ಎಳೆದಾಡಿ ಹಾನಿಗೊಂಡಿದ್ದರೆ ಅದು ಬಹಳ ಸಲ ಅದರಲ್ಲಿ ಕಾಣುವುದೇ ಇಲ್ಲ. ಹಾಗಾಗಿ "ರಿಪೋರ್ಟ್ ನಾರ್ಮಲ್" ಎಂಬುದಕ್ಕೆ ಸದ್ಯಕ್ಕೆ ಆಪರೇಷನ್ ಬೇಕಿಲ್ಲ ಎಂಬಷ್ಟೇ ಅರ್ಥ. ಅದರಾಚೆಗೆ ಎಳೆದಾಗ ಕುಟುಂಬಗಳಲ್ಲಿ ಅನ್ಯಾಯ ನಡೆಯುತ್ತದೆ. ಅಪಘಾತವಾಗಿ ತಿಂಗಳ ಮೇಲೆ ಅಂಗಡಿಯ ಲೆಕ್ಕ ತಪ್ಪುತ್ತಿದೆ, ಸದ್ದು ಬೆಳಕು ತಡೆಯುತ್ತಿಲ್ಲ, ಮೊದಲು ಶಾಂತವಾಗಿದ್ದವನು ಸಣ್ಣದಕ್ಕೆಲ್ಲ ಸಿಡುಕುತ್ತಾನೆ, ಹತ್ತು ಗಂಟೆ ಮಲಗಿದರೂ ದಣಿವು. ಮನೆಯವರು ಫೈಲ್ ತೆರೆದು ತೋರಿಸುತ್ತಾರೆ: ಎಲ್ಲ ನಾರ್ಮಲ್ ಇದೆಯಲ್ಲ. ಅಲ್ಲಿಗೆ ಅವನು ಸೋಮಾರಿ, ಇಲ್ಲವೇ ನಾಟಕ ಮಾಡುತ್ತಾನೆ, ಇಲ್ಲವೇ ಗಾಳಿ ಸೋಕಿದೆ. ಕಾಯಿಲೆಯನ್ನು ನಡತೆಯ ದೋಷವೆಂದು ಓದುವುದು ಕ್ರೌರ್ಯ. ಅದಕ್ಕೆ ಪುರಾವೆಯಾಗಿ ಸ್ಕ್ಯಾನ್ ವರದಿಯನ್ನು ಹಿಡಿಯುವುದು ವರದಿ ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸುವುದು. ಇಂಥವರಿಗೆ ನೆರವು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ಹಾಗಾದರೆ ಲಕ್ಷಣವನ್ನು ಗುರುತಿಸುವುದು ಹೇಗೆ? ನನ್ನ ವಾದ ಇಷ್ಟು: ಒಂದು ಕ್ಷಣದ ಸ್ಥಿತಿ ಲಕ್ಷಣವಲ್ಲ, ಎರಡು ಹೊತ್ತುಗಳ ನಡುವಿನ ವ್ಯತ್ಯಾಸವೇ ಲಕ್ಷಣ. ಇದನ್ನು ಎರಡು ಕಠಿಣ ಸಂದರ್ಭಗಳಲ್ಲಿ ಪರೀಕ್ಷಿಸಿ ನೋಡಬಹುದು.

ಮೊದಲನೆಯದು ಕುಡಿದು ಬಿದ್ದವನದು. ತೊದಲುವ ಮಾತು, ತೂರಾಡುವ ನಡಿಗೆ, ವಾಂತಿ, ಮಂಪರು. ಇವೆಲ್ಲ ಹೆಂಡದಿಂದಲೂ ಬರುತ್ತವೆ, ಮೆದುಳಿನ ರಕ್ತಸ್ರಾವದಿಂದಲೂ ಬರುತ್ತವೆ. "ಕುಡಿದಿದ್ದಾನೆ, ಮಲಗಿ ಎದ್ದರೆ ಸರಿಹೋಗುತ್ತಾನೆ" ಎನ್ನುವವರು ಒಂದು ಕಾರಣ ಸಿಕ್ಕಿತೆಂದು ಇನ್ನೊಂದನ್ನು ಕೈಬಿಡುತ್ತಾರೆ. ಕುಡಿದವನು ಬೀಳುವ ಸಂಭವ ಹೆಚ್ಚು, ಆದ್ದರಿಂದ ಎರಡೂ ಒಟ್ಟಿಗೇ ಇರುವ ಸಂಭವವೂ ಹೆಚ್ಚು. ಆ ಹೊತ್ತಿಗೆ ಇವೆರಡನ್ನು ನೋಡಿ ಬೇರ್ಪಡಿಸಲು ಮನೆಯವರಿಗೆ ಆಗದು. ಬೇರ್ಪಡಿಸುವುದು ಹೊತ್ತು. ಅಮಲು ಗಂಟೆ ಕಳೆದಂತೆ ಇಳಿಯುತ್ತದೆ, ರಕ್ತಸ್ರಾವದ ಮಂಪರು ಏರುತ್ತದೆ. ಮೂರು ಗಂಟೆ ಹಿಂದೆ ಬೈದಾದರೂ ಉತ್ತರಿಸುತ್ತಿದ್ದವನು ಈಗ ಗೊರಕೆ ಹೊಡೆಯುತ್ತ, ಎಷ್ಟು ಅಲುಗಿಸಿದರೂ ಕಣ್ಣು ಬಿಡದಿದ್ದರೆ ಅದನ್ನು ಅಮಲೆಂದು ಬಿಡುವಂತಿಲ್ಲ. ತಲೆಗೆ ಪೆಟ್ಟಾಗಿರುವ ಕುಡುಕನನ್ನು ಬೇರೆಯವರಿಗಿಂತ ಬೇಗ ಆಸ್ಪತ್ರೆಗೆ ಒಯ್ಯಬೇಕು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ.

ಎರಡನೆಯದು ವಯಸ್ಸಾದವರದು, ಇಲ್ಲಿ ಹೊತ್ತು ಗಂಟೆಗಳಲ್ಲ, ವಾರಗಳು. ವಯಸ್ಸಾದಂತೆ ಮೆದುಳು ತುಸು ಕುಗ್ಗುತ್ತದೆ, ಮೆದುಳಿನಿಂದ ಪೊರೆಗೆ ಹಾಯುವ ಸಣ್ಣ ಸಿರೆಗಳು ಎಳೆದುಕೊಂಡಿರುತ್ತವೆ. ಬಾಗಿಲ ಚೌಕಟ್ಟಿಗೆ ತಲೆ ತಾಗಿದಷ್ಟು ಪೆಟ್ಟಿಗೂ ಒಂದು ಸಿರೆ ಹರಿಯಬಹುದು. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ಮಾತ್ರೆ ನುಂಗುವವರಲ್ಲಿ ಅಪಾಯ ಇನ್ನೂ ಹೆಚ್ಚು. ಕುಗ್ಗಿದ ಮೆದುಳಿನ ಸುತ್ತ ಜಾಗ ಇರುವುದರಿಂದ ರಕ್ತ ನಿಧಾನವಾಗಿ ಶೇಖರವಾಗಿ, ಮೂರು ನಾಲ್ಕು ವಾರದ ಮೇಲೆ ಲಕ್ಷಣ ತೋರುತ್ತದೆ: ಒಂದು ಕಾಲು ಎಳೆಯುತ್ತ ನಡೆಯುವುದು, ಚಪ್ಪಲಿ ಜಾರುವುದು, ಮೊಮ್ಮಗನ ಹೆಸರು ತಪ್ಪುವುದು, ಹಗಲೆಲ್ಲ ತೂಕಡಿಕೆ, ಬಿಡದ ತಲೆನೋವು. ಅಷ್ಟು ಹೊತ್ತಿಗೆ ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ. ಅರಳುಮರಳು ಎಂದು ಮನೆ ಒಪ್ಪಿಕೊಂಡುಬಿಡುತ್ತದೆ. ನನಗೆ ಅತ್ಯಂತ ಸಂಕಟ ತರುವುದು ಇದೇ. ಮುಪ್ಪಿನ ಮರೆವು ಬರುವುದು ವರ್ಷಗಳಲ್ಲಿ, ಇದು ಬರುವುದು ವಾರಗಳಲ್ಲಿ. ಮುಪ್ಪಿನ ಮರೆವಿಗೆ ಮದ್ದಿಲ್ಲ, ಇದಕ್ಕೆ ಇದೆ: ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ರಕ್ತ ಹೊರತೆಗೆದರೆ ಬಹಳ ಮಂದಿ ಮೊದಲಿನಂತೆ ಓಡಾಡುತ್ತಾರೆ. ಗುಣವಾಗಬಲ್ಲ ಕಾಯಿಲೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈಚೆಲ್ಲುತ್ತೇವೆ.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ. ತಲೆ ತಾಗಿದ ಪ್ರತಿಯೊಬ್ಬರೂ ಆಸ್ಪತ್ರೆಗೆ ಓಡಿದರೆ ಖರ್ಚೆಷ್ಟು, ಮಕ್ಕಳಿಗೆ ಸ್ಕ್ಯಾನಿನ ವಿಕಿರಣ ಸುಮ್ಮನೆ ಏಕೆ ಎಂಬುದು ಮೊದಲನೆಯದು. ಆಕ್ಷೇಪ ಸರಿಯಾದದ್ದೇ, ಆದರೆ ನನ್ನ ವಾದಕ್ಕೆ ತಾಗುವುದಿಲ್ಲ. ಯಾರಿಗೆ ಸ್ಕ್ಯಾನ್ ಬೇಕು, ಯಾರಿಗೆ ಬೇಡ ಎಂದು ಆರಿಸಲೆಂದೇ ವೈದ್ಯರ ಬಳಿ ನಿಯಮಗಳಿವೆ. ಕೆನಡಾದಲ್ಲಿ 2001ರಲ್ಲಿ ರೂಪಿಸಿದ್ದರಲ್ಲಿ 65 ದಾಟಿದ ವಯಸ್ಸು, ಎರಡು ಸಲ ವಾಂತಿ, ಎತ್ತರದಿಂದ ಬೀಳುವುದು ಮುಂತಾದವನ್ನು ಎಣಿಸುತ್ತಾರೆ. ನಾನು ಕೇಳುತ್ತಿರುವುದು ಎಲ್ಲರಿಗೂ ಸ್ಕ್ಯಾನ್ ಅಲ್ಲ, ಎಲ್ಲರ ಮೇಲೂ ಒಂದೆರಡು ದಿನದ ಕಣ್ಣು. ಅದಕ್ಕೆ ಹಣ ಬೇಡ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲವಲ್ಲ ಎಂಬುದು ಎರಡನೆಯದು. ನೂರರಲ್ಲಿ ಎಷ್ಟು ಜನ ಎಂಬ ಲೆಕ್ಕ ಎದುರಿಗಿರುವ ಒಬ್ಬ ಆ ನೂರರಲ್ಲಿ ಯಾರು ಎಂದು ಹೇಳಲಾರದು. ಸಂಭವ ಕಡಿಮೆ, ಆದರೆ ತಪ್ಪಿದರೆ ತಿದ್ದಲಾಗದು, ಕಾಯುವುದಕ್ಕೋ ಖರ್ಚಿಲ್ಲ: ಹೀಗಿರುವಾಗ ಯಾವುದನ್ನು ಆರಿಸಬೇಕೆಂಬುದು ಸ್ಪಷ್ಟ. ಹೆದರಿಸುವುದರಿಂದಲೇ ಕೆಲವರ ಲಕ್ಷಣಗಳು ಹೆಚ್ಚುತ್ತವೆ ಎಂಬ ಮೂರನೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಪೆಟ್ಟು ತಿಂದವರಿಗೆ, ಹೆಚ್ಚಿನವರು ವಾರಗಳಲ್ಲಿ ಗುಣವಾಗುತ್ತಾರೆಂದು ಭರವಸೆ ಕೊಡುವುದೂ ಚಿಕಿತ್ಸೆಯ ಭಾಗವೇ. ಕಣ್ಣಿಡುವವರ ಎಚ್ಚರ ರೋಗಿಯ ಮೇಲೆ ಭಯವಾಗಿ ಸುರಿಯಬೇಕಿಲ್ಲ.

ಹಳ್ಳಿಗಳ ಮಾತು ಬೇರೆ. ಬಹಳಷ್ಟು ಕಡೆ ಸಿ.ಟಿ. ಯಂತ್ರಕ್ಕೆ ಜಿಲ್ಲಾ ಕೇಂದ್ರಕ್ಕೇ ಬರಬೇಕು, ನರಶಸ್ತ್ರವೈದ್ಯರಿಗೆ ಅದಕ್ಕೂ ದೂರ. ಮಲೆನಾಡಿನ ಒಂದು ಊರಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಘಾಟಿ ಹತ್ತಿಳಿದು ಹೋಗುವುದಕ್ಕೆ ಗಂಟೆಗಳೇ ಬೇಕು. ಅಲ್ಲಿರುವವರು ಪ್ರಜ್ಞೆ ತಪ್ಪುವವರೆಗೆ ಕಾದರೆ ತಲುಪುವುದೇ ಅನುಮಾನ. ದೂರ ಹೆಚ್ಚಿದಷ್ಟೂ ಚಿಕ್ಕ ಬದಲಾವಣೆಗೇ ಹೊರಡಬೇಕು.

ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬಾರದು ಎಂಬ ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ನಿದ್ದೆ ಮೆದುಳಿಗೆ ಹಾನಿ ಮಾಡುವುದಿಲ್ಲ, ವಿಶ್ರಾಂತಿ ಬೇಕೇ ಬೇಕು. ನಿದ್ದೆಯ ತೊಂದರೆ ಎಂದರೆ ಅದು ಪ್ರಜ್ಞೆ ತಪ್ಪುವುದನ್ನು ಮರೆಮಾಡುತ್ತದೆ. ಹಾಗಾಗಿ ಮಲಗಲಿ, ಪಕ್ಕದಲ್ಲಿ ಒಬ್ಬರಿರಲಿ, ಮೊದಲ ರಾತ್ರಿ ಆಗಾಗ ಎಬ್ಬಿಸಿ ಮಾತಾಡಿಸಲಿ.

ಏನನ್ನು ಕಂಡರೆ ತಡಮಾಡಬಾರದು? ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಲು ಕಷ್ಟವಾಗುವ ಮಂಪರು, ಹೊಸದಾಗಿ ಕಂಡ ಗೊಂದಲ ಅಥವಾ ಸಿಡುಕು, ತೊದಲು, ಒಂದು ಕೈ ಕಾಲಿನ ಬಲ ಕಡಿಮೆಯಾಗುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗುವುದು, ಫಿಟ್ಸ್, ಮೂಗು ಕಿವಿಯಿಂದ ತಿಳಿ ನೀರೋ ರಕ್ತವೋ ಒಸರುವುದು, ಪೆಟ್ಟೇ ಬೀಳದ ಕಣ್ಣ ಸುತ್ತಲೋ ಕಿವಿಯ ಹಿಂದೆಯೋ ಕಪ್ಪಗೆ ರಕ್ತ ಕಟ್ಟುವುದು. ಹಾಲು ಕುಡಿಯುವ ಮಗುವಾದರೆ ಎದೆಹಾಲು ಒಲ್ಲದಿರುವುದು, ಸಂತೈಸಲಾಗದ ಅಳು, ನೆತ್ತಿಯ ಮೆತ್ತನೆಯ ಭಾಗ ಉಬ್ಬುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎನ್ನದೆ 108ಕ್ಕೆ ಫೋನ್ ಮಾಡಬೇಕು. ಫಿಟ್ಸ್ ಬಂದವನ ಕೈಗೆ ಕೀಲಿಕೈ ಕೊಡುವುದು, ಮಂಪರಿನಲ್ಲಿರುವವನ ಬಾಯಿಗೆ ನೀರು ಹಾಕುವುದು ಬೇಡ.

ಈ ಬದಲಾವಣೆಗಳನ್ನು ನೋಡಬಲ್ಲವರು ಆಸ್ಪತ್ರೆಯಲ್ಲಿ ಇಲ್ಲ. ನಿನ್ನೆಯವರೆಗೆ ಇವನು ಹೇಗಿದ್ದ, ಹೇಗೆ ಮಾತಾಡುತ್ತಿದ್ದ ಎಂದು ಬಲ್ಲವರು ಮನೆಯವರು. ಆದ್ದರಿಂದ ನಮ್ಮ ಆಸ್ಪತ್ರೆಗಳಲ್ಲಿ, ಸರಕಾರಿ ಆಗಲಿ ಖಾಸಗಿ ಆಗಲಿ, ನನ್ನದೊಂದು ಒತ್ತಾಯ. ತಲೆಗೆ ಪೆಟ್ಟಾಗಿ ಬಂದವರನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಪುಟ ಕೊಡಿ. ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು, ಎಷ್ಟು ದಿನ ಕಣ್ಣಿಡಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಅದನ್ನು ಪೆಟ್ಟು ತಿಂದವರ ಕೈಗೆ ಕೊಡಬೇಡಿ. ಇವತ್ತು ರಾತ್ರಿ ಅವರ ಪಕ್ಕದಲ್ಲಿ ಯಾರು ಇರುತ್ತಾರೋ ಅವರನ್ನು ಕರೆದು, ಓದಿ ಹೇಳಿ, ಅವರ ಕೈಗೆ ಕೊಡಿ.